ಬಡಾವಣೆಯ ಕೆರೆಯನ್ನು ಜೊಂಡು ಮುಚ್ಚುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಚಿನಲ್ಲಿ ನಾಲ್ಕು ಎಸಳಾಗಿ ಕಾಣಿಸಿಕೊಂಡ ಜೊಂಡು ಎರಡು ಮೂರು ವರ್ಷಗಳಲ್ಲಿ ನೀರೇ ಕಾಣದಂತೆ ಹಬ್ಬುವುದನ್ನು ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರವಲ್ಲ, ನಮ್ಮ ಬಹುತೇಕ ಊರುಗಳ ಕೆರೆ ಕಟ್ಟೆಗಳಲ್ಲಿ ಕಾಣುತ್ತಿದ್ದೇವೆ. ಕೆರೆ ಉಳಿಸಬೇಕೆಂದು ಹೊರಟ ನೆರೆಹೊರೆಯವರು, ಅಪಾರ್ಟ್‌ಮೆಂಟ್ ಸಂಘದವರು, ಊರಿನ ದೇವಸ್ಥಾನದ ಕಲ್ಯಾಣಿ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಒಂದು ಮಾತು ಹಲವು ಸಲ ಬರುತ್ತದೆ, ಬೇಕೆಂದೇ ಬರೆದಿದ್ದೇನೆ: ಕೊಳಚೆ ನೀರು ಒಳಬರುತ್ತಿರುವವರೆಗೆ ಜೊಂಡು ಕೊಯ್ಯುವುದು ಮುಗಿಯದ ಕೆಲಸ.

ನಮ್ಮ ಕೆರೆಯಲ್ಲಿ ಬೆಳೆದಿರುವುದು ನಿಜಕ್ಕೂ ಜೊಂಡೇ? ಗುರುತಿಸುವುದು ಹೇಗೆ?

ಕೆರೆಯಂಚಿನ ಎತ್ತರದ ಹುಲ್ಲನ್ನೆಲ್ಲ ನಾವು ಜೊಂಡು ಎಂದೇ ಕರೆಯುತ್ತೇವೆ. ಕೆಲಸಕ್ಕೆ ಇಳಿಯುವ ಮೊದಲು ಯಾವುದು ಯಾವುದೆಂದು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು.

ಬುಡದಿಂದಲೇ ಪಟ್ಟಿಯಂಥ ಉದ್ದ ಎಲೆಗಳು ನೆಟ್ಟಗೆ ಮೇಲೆದ್ದು, ಆಳೆತ್ತರವನ್ನೂ ಮೀರಿ, ನಡುವಿನ ದಂಟಿನ ತುದಿಯಲ್ಲಿ ಕಂದು ಬಣ್ಣದ ದಪ್ಪ ತೆನೆ ಬಿಟ್ಟಿದ್ದರೆ ಅದು ಆಪು. ಸಸ್ಯಶಾಸ್ತ್ರದಲ್ಲಿ ಟೈಫಾ. ನಮ್ಮ ಕೆರೆಗಳನ್ನು ಮುಚ್ಚುತ್ತಿರುವುದರಲ್ಲಿ ದೊಡ್ಡ ಪಾಲು ಇದರದೇ. ಬಿದಿರಿನಂತೆ ಗಿಣ್ಣುಗಿಣ್ಣಾದ ಕಾಂಡ, ಕಾಂಡದುದ್ದಕ್ಕೂ ಎಲೆ, ತುದಿಯಲ್ಲಿ ಗರಿಯಂಥ ಹೂಗೊಂಚಲು ಇದ್ದರೆ ಅದು ಲಾಳದ ಕಡ್ಡಿ, ಅಂದರೆ ಫ್ರಾಗ್ಮೈಟಿಸ್. ದಂಟನ್ನು ಬೆರಳ ನಡುವೆ ಹೊರಳಿಸಿದಾಗ ಮೂರು ಅಂಚು ಸಿಕ್ಕರೆ ಅದು ಜೇಕಿನ ಜಾತಿ. ಅದರಿಂದ ಕೆರೆಗೆ ಅಂಥ ಅಪಾಯವೇನಿಲ್ಲ. ನೀರಿನ ಮೇಲೆ ತೇಲುತ್ತ, ಉಬ್ಬಿದ ತೊಟ್ಟು ಮತ್ತು ತಿಳಿನೇರಳೆ ಹೂವಿರುವುದು ಅಂತರಗಂಗೆ. ಅದನ್ನು ನಿಭಾಯಿಸುವ ಬಗೆಯೇ ಬೇರೆ.

ಮುಂದಿನ ಉತ್ತರಗಳಲ್ಲಿ ಜೊಂಡು ಎಂದಾಗಲೆಲ್ಲ ಆಪನ್ನು ಉದ್ದೇಶಿಸಿದ್ದೇನೆ. ಲಾಳದ ಕಡ್ಡಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಇದು ಹೊರದೇಶದಿಂದ ಬಂದ ಕಳೆಯೇ?

ಅಲ್ಲ. ಅಂತರಗಂಗೆ ದಕ್ಷಿಣ ಅಮೆರಿಕದ್ದು, ಅಲಿಗೇಟರ್ ಕಳೆಯೂ ಅಲ್ಲಿಯದೇ. ಆಪು ಮಾತ್ರ ಇಲ್ಲಿಯದೇ ಗಿಡ. ನಮ್ಮ ಕೆರೆಗಳ ಅಂಚಿನಲ್ಲಿ ತಲೆಮಾರುಗಳಿಂದ ಇದೆ. ಜನ ಅದನ್ನು ಕೊಯ್ದು ಚಾಪೆ ಹೆಣೆದಿದ್ದಾರೆ, ಗುಡಿಸಲಿಗೆ ಹೊದಿಸಿದ್ದಾರೆ. ಇಲ್ಲಿಯ ಗಿಡವೇ ದಂಡೆತ್ತಿ ಬಂದಂತೆ ವರ್ತಿಸುತ್ತಿದೆ ಎಂದರೆ ಬದಲಾಗಿರುವುದು ಗಿಡವಲ್ಲ, ಕೆರೆ. ಇದನ್ನು ಒಪ್ಪಿಕೊಳ್ಳದೆ ಮಾಡಿದ ಯೋಜನೆಗಳೆಲ್ಲ ಟೆಂಡರು, ಯಂತ್ರ, ಫೋಟೊಗಳಲ್ಲಿ ಮುಗಿದು ಮರುವರ್ಷ ಮತ್ತೆ ಮೊದಲಿನ ಸ್ಥಿತಿಗೇ ಮರಳುತ್ತವೆ.

ಹಿಂದೆ ಇಷ್ಟು ಇರಲಿಲ್ಲವಲ್ಲ. ಈಗೇಕೆ ಹೀಗೆ?

ಹಳೆಯ ಕೆರೆಯ ವರ್ಷವನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ತುಂಬಿ ಕೋಡಿ ಹರಿಯುತ್ತಿತ್ತು. ನೀರುಗಂಟಿ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದ. ಬೇಸಿಗೆಗೆ ನೀರು ಇಳಿದು ಕೆರೆಯಂಗಳ ಬಿರಿಯುತ್ತಿತ್ತು. ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡುಮಣ್ಣನ್ನು ಹೊಲಕ್ಕೆ ಸಾಗಿಸುತ್ತಿದ್ದರು. ದನ ಎಮ್ಮೆಗಳು ಎಳೆಯ ಚಿಗುರನ್ನು ಮೇಯುತ್ತಿದ್ದವು, ತುಳಿಯುತ್ತಿದ್ದವು. ಬೆಳೆದದ್ದನ್ನು ಚಾಪೆಯವರು ಕೊಯ್ಯುತ್ತಿದ್ದರು. ಆಳ, ಒಣಗು, ಗೊರಸು, ಕುಡುಗೋಲು ಈ ನಾಲ್ಕೂ ಸೇರಿ ಜೊಂಡನ್ನು ಅಂಚಿನಲ್ಲೇ ಹಿಡಿದಿಟ್ಟಿದ್ದವು.

ಈಗ ಕೆಳಗೆ ಗದ್ದೆಗಳಿಲ್ಲ, ತೂಬು ಮುಚ್ಚಿಹೋಗಿದೆ. ರಾಜಕಾಲುವೆಯಲ್ಲಿ ವರ್ಷವಿಡೀ ಕೊಳಚೆ ನೀರು ಬರುತ್ತದೆ. ಹಾಗಾಗಿ ಕೆರೆ ಬೇಸಿಗೆಯಲ್ಲೂ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಹೂಳು ತುಂಬಿ ಆಳ ಕಡಿಮೆಯಾಗಿದೆ. ಆ ಹೂಳಿನಲ್ಲಿ ಮಲಮೂತ್ರದ ಸಾರಜನಕವಿದೆ, ರಂಜಕವಿದೆ. ಬಟ್ಟೆ ಪಾತ್ರೆ ತೊಳೆಯುವ ಪುಡಿಗಳಿಂದಲೂ ರಂಜಕ ಬಂದು ಸೇರುತ್ತದೆ. ಏರಿಳಿತವಿಲ್ಲದ ತೆಳುನೀರು, ಕೆಳಗೆ ಕೊಬ್ಬಿದ ಕೆಸರು: ಜೊಂಡಿಗೆ ಇದಕ್ಕಿಂತ ಹಿತವಾದ ಜಾಗ ಇನ್ನೊಂದಿಲ್ಲ.

ನಿಮ್ಮ ಕೆರೆಯನ್ನೇ ಒಂದು ಸುತ್ತು ಹಾಕಿ ನೋಡಿ. ಜೊಂಡು ಅತಿ ದಟ್ಟವಾಗಿರುವುದು ಕಾಲುವೆ ಬಂದು ಸೇರುವ ಮೂಲೆಯಲ್ಲಿ. ಹೂಳು ಮೊದಲು ಇಳಿಯುವುದೂ ಕೊಳಚೆ ಮೊದಲು ಮುಟ್ಟುವುದೂ ಅಲ್ಲಿಯೇ.

ಇಷ್ಟು ವೇಗವಾಗಿ ಹರಡುವುದು ಹೇಗೆ?

ಎರಡು ದಾರಿಯಿಂದ. ಒಂದು ತೆನೆಯಲ್ಲಿ ಎರಡು ಲಕ್ಷದಷ್ಟು ಬೀಜಗಳಿರಬಲ್ಲವು. ಪ್ರತಿಯೊಂದಕ್ಕೂ ರೇಷ್ಮೆಯಂಥ ಕೂದಲಿದ್ದು ಗಾಳಿಯಲ್ಲಿ ಬಹುದೂರ ತೇಲಿಹೋಗುತ್ತವೆ. ಹಾಗಾಗಿ ಪಕ್ಕದ ಬಡಾವಣೆಯ ಕೆರೆಯಲ್ಲಿ ಜೊಂಡಿದ್ದರೆ ನಿಮ್ಮ ಕೆರೆಗೂ ಬೀಜ ಬಂದೇ ಬರುತ್ತದೆ, ಅದನ್ನು ತಡೆಯಲಾಗುವುದಿಲ್ಲ. ಆದರೆ ಬೀಜ ಮೊಳೆಯಲು ಬೆಳಕು ಬೀಳುವ ಹಸಿ ಕೆಸರು ಅಥವಾ ತೀರಾ ತೆಳುವಾದ ನೀರು ಬೇಕು. ಆಳದ ನೀರಿಗೆ ಬಿದ್ದ ಬೀಜ ಸುಮ್ಮನೆ ಕಾಯುತ್ತದೆ.

ಎರಡನೆಯದು ಬೇರುಗೆಡ್ಡೆ. ಕೆಸರಿನೊಳಗೆ ಅಡ್ಡಡ್ಡಲಾಗಿ ಓಡುತ್ತ, ಹೆಜ್ಜೆಗೊಂದು ಹೊಸ ಚಿಗುರನ್ನು ಮೇಲೆ ಕಳಿಸುತ್ತದೆ. ಒಂದೇ ಬೀಜದಿಂದ ಹುಟ್ಟಿದ ಗಿಡ ಎರಡು ವರ್ಷಗಳಲ್ಲಿ ಹತ್ತಾರು ಚದರ ಮೀಟರ್ ಆವರಿಸಬಲ್ಲದು. ನೀವು ನೂರು ಗಿಡ ಎಂದುಕೊಂಡದ್ದು ಎಷ್ಟೋ ಸಲ ಕೆಸರಿನೊಳಗೆ ಒಂದೇ ಗಿಡವಾಗಿರುತ್ತದೆ.

ಒಂದು ಮಿತಿಯೂ ಇದೆ, ಅದೇ ನಮ್ಮ ಕೈಯಲ್ಲಿರುವ ದೊಡ್ಡ ಸಾಧನ. ಸುಮಾರು ಒಂದೂವರೆ ಮೀಟರ್‌ಗಿಂತ ಆಳವಾದ ನೀರಿನಲ್ಲಿ ಜೊಂಡು ನೆಲೆಯೂರಲು ತುಂಬ ಕಷ್ಟಪಡುತ್ತದೆ. ಬಹಳ ಕೊಳೆತ ಕೆರೆಗಳಲ್ಲಿ ಅಂತರಗಂಗೆಯ ಹಾಸಿನ ಮೇಲೆ ಬೇರೂರಿ ತೇಲುವ ದ್ವೀಪಗಳಾಗಿ ಆಳಕ್ಕೂ ಹೋಗುವುದುಂಟು. ಅಲ್ಲಿ ಮೊದಲು ಅಂತರಗಂಗೆಯನ್ನು ತೆಗೆಯಬೇಕು.

ಜೊಂಡು ನೀರನ್ನು ಶುದ್ಧಗೊಳಿಸುತ್ತದೆ ಎನ್ನುತ್ತಾರೆ. ಹಾಗಿದ್ದರೆ ತೆಗೆಯುವುದು ತಪ್ಪಲ್ಲವೇ?

ಶುದ್ಧಗೊಳಿಸುತ್ತದೆ ಎನ್ನುವುದು ನಿಜ. ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಿ ನೋಡಬಹುದು. ಅಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಮುಂತಾದ ಜಲಸಸ್ಯಗಳು ಬೆಳೆದ ಜೌಗಿನ ಮೂಲಕ ಹಾದು ಬರುತ್ತದೆ. ಬೇರುಗಳ ಸುತ್ತ ಬದುಕುವ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಒಡೆಯುತ್ತವೆ, ಗಿಡ ರಂಜಕವನ್ನು ಹೀರುತ್ತದೆ, ತೇಲುವ ಕಸ ದಂಟುಗಳ ನಡುವೆ ನಿಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿ, ಜೌಗನ್ನು ಹಾದುಬಂದ ನೀರಿನಲ್ಲಿ ಪೋಷಕಾಂಶಗಳು ತಗ್ಗಿರುವುದನ್ನು ತೋರಿಸಿದ್ದಾರೆ.

ಆದರೆ ಅಲ್ಲಿ ಎರಡು ಷರತ್ತುಗಳಿವೆ. ಜೌಗಿಗೆ ಬರುವುದು ಈಗಾಗಲೇ ಶುದ್ಧೀಕರಿಸಿದ ನೀರು. ಹಸಿ ಕೊಳಚೆಯನ್ನೆಲ್ಲ ಜೊಂಡಿನ ತಲೆಗೆ ಕಟ್ಟಲಾಗದು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: ಬೆಳೆದ ಜೊಂಡನ್ನು ಹಸಿರಿರುವಾಗಲೇ ಕೊಯ್ದು ಹೊರಸಾಗಿಸಿದರೆ ಮಾತ್ರ ರಂಜಕ ಕೆರೆಯಿಂದ ಹೊರಹೋಗುತ್ತದೆ. ಅಲ್ಲೇ ಒಣಗಿ, ಮುರಿದು, ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಜೊತೆಗೆ ಒಂದು ಪದರ ಹೂಳು. ಹೀಗೆ ವರ್ಷ ವರ್ಷ ಪದರ ಏರಿದರೆ ಕೆರೆ ಜೌಗಾಗುತ್ತದೆ, ಜೌಗು ನೆಲವಾಗುತ್ತದೆ. ನೆಲವಾದ ಕೆರೆಗೆ ನಮ್ಮ ನಗರಗಳಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಷ್ಟು ಉಳಿಸಬೇಕು, ಎಷ್ಟು ತೆಗೆಯಬೇಕು?

ಎಲ್ಲ ಕೆರೆಗೂ ಹೊಂದುವ ಒಂದು ಅಂಕಿ ಇಲ್ಲ. ಒಳಹರಿವಿನ ಬಾಯಿಯಲ್ಲಿ ಜೊಂಡಿರಲಿ, ಅಲ್ಲಿ ಅದು ಸೋಸುವ ಕೆಲಸ ಮಾಡುತ್ತದೆ. ಜನ ಓಡಾಡದ ಒಂದು ಬದಿಯ ಅಂಚಿನಲ್ಲೂ ದಟ್ಟವಾದ ಪಟ್ಟಿ ಇರಲಿ. ಕೋಡಿ, ತೂಬು, ಏರಿಯ ಬುಡ ಮತ್ತು ಕೆರೆಯ ನಡುಭಾಗ ಬಯಲಾಗಿರಬೇಕು. ಕೋಡಿಯಲ್ಲಿ ಜೊಂಡು ಕಟ್ಟಿಕೊಂಡರೆ ಜೋರುಮಳೆಯ ರಾತ್ರಿ ನೀರು ಹಿಂದಕ್ಕೆ ನುಗ್ಗುವುದು ಮೇಲ್ಭಾಗದ ಮನೆಗಳಿಗೇ.

ಬೋಳು ಮಾಡಿದ ಕೆರೆಯನ್ನು ಚೊಕ್ಕಟ ಎಂದು ಹೊಗಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನೇರಳೆ ಜಂಬುಕೋಳಿ ಜೊಂಡಿನ ಎಳೆದಂಟನ್ನು ಕಾಲಲ್ಲಿ ಹಿಡಿದು ತಿನ್ನುತ್ತದೆ, ಅದರ ನಡುವೆಯೇ ಗೂಡು ಕಟ್ಟುತ್ತದೆ. ಕೆನ್ನೀಲಿ ಬಕ ಮರಿ ಮಾಡಲು ದಟ್ಟ ಜೊಂಡನ್ನೇ ಹುಡುಕುತ್ತದೆ. ಗೆರೆಗೀಜಗ ನೀರಿನ ಮೇಲಿನ ದಂಟುಗಳಿಗೆ ಗೂಡು ಹೆಣೆಯುತ್ತದೆ. ಗುಳುಮುಳುಕ, ನಾಮದ ಕೋಳಿಗಳಿಗೆ ಜೊಂಡಿನ ಮರೆಯೂ ಬೇಕು, ಅದರ ಎದುರಿಗೆ ಬಯಲು ನೀರೂ ಬೇಕು. ಜೊಂಡು ಮತ್ತು ತೆರೆದ ನೀರು ಒಂದರೊಳಗೊಂದು ಚಾಚಿಕೊಂಡಿರುವ ಕೆರೆಯಲ್ಲೇ ಹಕ್ಕಿಗಳ ವೈವಿಧ್ಯ ಹೆಚ್ಚು. ಆದ್ದರಿಂದ ನೇರ ಗೆರೆ ಎಳೆದಂತೆ ಕೊಯ್ಯಬೇಡಿ, ಅಂಕುಡೊಂಕಾಗಿ ಬಿಡಿ.

ಎಷ್ಟು ಕತ್ತರಿಸಿದರೂ ಮತ್ತೆ ಚಿಗುರುತ್ತದೆ. ಸರಿಯಾದ ವಿಧಾನ ಯಾವುದು?

ನೀರಿನ ಮೇಲ್ಮಟ್ಟದಲ್ಲಿ ಕತ್ತರಿಸುವುದರಿಂದಲೇ ಹೀಗಾಗುತ್ತಿದೆ. ಜೊಂಡಿನ ಬೇರುಗೆಡ್ಡೆ ಇರುವ ಕೆಸರಿನಲ್ಲಿ ಆಮ್ಲಜನಕವಿಲ್ಲ. ಎಲೆ ಮತ್ತು ದಂಟಿನೊಳಗಿನ ಟೊಳ್ಳು ಅಂಗಾಂಶದ ಮೂಲಕ ಗಾಳಿ ಕೆಳಗಿಳಿದು ಗೆಡ್ಡೆಯನ್ನು ತಲುಪುತ್ತದೆ. ಹಸಿರು ದಂಟೇ ಆಗಬೇಕೆಂದಿಲ್ಲ. ಒಣಗಿ ನಿಂತ ದಂಟು ನೀರಿನಿಂದ ನಾಲ್ಕು ಬೆರಳು ಮೇಲಿದ್ದರೂ ಸಾಕು, ಗೆಡ್ಡೆ ಉಸಿರಾಡುತ್ತದೆ.

ಆ ಉಸಿರನ್ನೇ ಕಟ್ಟಬೇಕು. ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದು ಗೇಣು ಕೆಳಗೆ, ಸಾಧ್ಯವಾದರೆ ಕೆಸರಿಗೆ ತಾಗುವಂತೆ ಕೊಯ್ಯಿರಿ. ಹಸಿರು ದಂಟು, ಒಣದಂಟು ಎರಡನ್ನೂ ಬಿಡದೆ ಕೊಯ್ಯಬೇಕು. ಮೇಲೆ ನೀರು ನಿಂತರೆ ಗೆಡ್ಡೆ ಉಸಿರುಗಟ್ಟಿ ಕೊಳೆಯತೊಡಗುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಈ ಕ್ರಿಯೆ ಚಳಿದೇಶಗಳಿಗಿಂತ ಬೇಗ ನಡೆಯುತ್ತದೆ. ಕೂಡಿಟ್ಟ ಹಿಟ್ಟಿನ ಬಲದಿಂದ ಕೆಲವು ಚಿಗುರುಗಳು ಮೇಲೆ ಬರುತ್ತವೆ. ಅವು ನೀರನ್ನು ಸೀಳಿ ತಲೆಯೆತ್ತುವ ಹೊತ್ತಿಗೆ ಮತ್ತೊಮ್ಮೆ ನೀರಿನಡಿ ಕೊಯ್ಯಿರಿ. ಒಂದೇ ಋತುವಿನಲ್ಲಿ ಎರಡು ಮೂರು ಸಲ ಹೀಗೆ ಮಾಡಿದರೆ ಗೆಡ್ಡೆಯ ಉಳಿತಾಯ ಬರಿದಾಗುತ್ತದೆ. ಮೊದಲ ಕೊಯ್ಲಿಗೆ ಐವತ್ತು ಜನ ಬಂದು ಎರಡನೆಯದಕ್ಕೆ ಯಾರೂ ಬಾರದಿದ್ದರೆ ಮೊದಲ ದಿನದ ಬೆವರು ವ್ಯರ್ಥ. ದಿನಾಂಕಗಳನ್ನು ಮೊದಲೇ ಗೊತ್ತುಮಾಡಿ, ಕೂಲಿಗೆ ಹಣವನ್ನೂ ಮೊದಲೇ ಎತ್ತಿಡಿ.

ಉದ್ದ ಹಿಡಿಯ ಕುಡುಗೋಲು, ಹರಿಗೋಲು ಅಥವಾ ತೆಪ್ಪ, ಎಳೆದುಹಾಕಲು ಹಗ್ಗ, ಸೊಂಟದವರೆಗಿನ ರಬ್ಬರ್ ಉಡುಪು: ಸಣ್ಣ ಕೆರೆಗೆ ಇಷ್ಟು ಸಾಕು. ಕೊಳಚೆ ಸೇರುವ ನೀರಿಗೆ ಯಾರನ್ನೂ ಬರಿಗಾಲಿನಲ್ಲಿ ಇಳಿಸಬೇಡಿ. ಸ್ವಯಂಸೇವಕರಿಗೆ ಗಂಬೂಟು ಕೊಟ್ಟು ಕೂಲಿಯವರನ್ನು ಲುಂಗಿಯಲ್ಲಿ ಇಳಿಸುವುದನ್ನು ಕಂಡಿದ್ದೇನೆ. ಇದನ್ನು ಯಾವ ಕೆರೆಯ ಹೆಸರಿನಲ್ಲೂ ಒಪ್ಪಲಾಗದು.

ಯಾವ ತಿಂಗಳಲ್ಲಿ ಕೊಯ್ಯಬೇಕು?

ಬಯಲುಸೀಮೆಯ ಕೆರೆಗಳಿಗೆ ಎರಡು ಹೊತ್ತು ಹೊಂದುತ್ತವೆ. ಮೊದಲನೆಯದು ಏಪ್ರಿಲ್–ಮೇ. ನೀರು ಇಳಿದು ಅಂಚಿನ ಜೊಂಡು ಕೆಸರಿನಲ್ಲಿ ನಿಂತಿರುವಾಗ ನೆಲಮಟ್ಟಕ್ಕೆ ಕೊಯ್ದುಬಿಟ್ಟರೆ, ಮಳೆ ಬಂದು ಕೆರೆ ಏರಿದಾಗ ಮುಳುಗಿಸುವ ಕೆಲಸವನ್ನು ಮಳೆಯೇ ಮಾಡುತ್ತದೆ. ಕೊಯ್ಲಾಗಿ ತಿಂಗಳುಗಟ್ಟಲೆ ನೀರು ಏರದಿದ್ದರೆ ಮಾತ್ರ ಚಿಗುರು ಗೆದ್ದುಬಿಡುತ್ತದೆ. ಹಾಗಾಗಿ ಮೊದಲ ಮಳೆಗೆ ತೀರಾ ಮುಂಚೆ ಕೊಯ್ಯಬೇಡಿ. ಎರಡನೆಯದು ನವೆಂಬರ್–ಡಿಸೆಂಬರ್. ಬೆಂಗಳೂರಿನ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಚ್ಚು ಮಳೆಯಾಗಿ ಕೆರೆ ತುಂಬಿರುತ್ತದೆ, ನೀರಿನಡಿ ಕೊಯ್ಯಲು ಬೇಕಾದ ಆಳ ಆಗ ಸಿಗುತ್ತದೆ.

ತೆನೆ ಹಸಿರಿದ್ದು ಇನ್ನೂ ಕಂದಾಗದ ಹೊತ್ತು ಗಿಡ ಅತಿ ಬಲಹೀನವಾಗಿರುವ ಹೊತ್ತು. ಗೆಡ್ಡೆಯ ಉಳಿತಾಯವೆಲ್ಲ ಆಗ ಎಲೆಗೂ ತೆನೆಗೂ ಖರ್ಚಾಗಿರುತ್ತದೆ. ತೆನೆ ಬಿರಿದು ಹತ್ತಿಯಂತೆ ಹಾರತೊಡಗಿದ ಮೇಲೆ ಕೊಯ್ದರೆ ಬೀಜ ಬಿತ್ತಿದಂತೆಯೇ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಬಹಳ ಹಕ್ಕಿಗಳು ಗೂಡು ಕಟ್ಟುತ್ತವೆ, ಆಗ ದಟ್ಟ ಜೊಂಡನ್ನು ಮುಟ್ಟಬೇಡಿ. ಬೇರೆ ತಿಂಗಳಲ್ಲಿಯೂ ಕೊಯ್ಯುವ ಮುನ್ನಾದಿನ ಹಕ್ಕಿ ಬಲ್ಲವರೊಬ್ಬರನ್ನು ಕರೆದು ಒಂದು ಸುತ್ತು ನೋಡಿಸಿ. ಗೂಡು ಕಂಡ ಜಾಗಕ್ಕೆ ಬಣ್ಣದ ಬಟ್ಟೆ ಕಟ್ಟಿ ಬಿಟ್ಟುಬಿಡಿ.

ಜೆಸಿಬಿ ತಂದು ಬುಡಸಮೇತ ಕಿತ್ತುಹಾಕಿದರೆ ಆಗದೇ?

ಕೆರೆ ಒಣಗಿದ್ದರೆ ಆಗುತ್ತದೆ. ಗೆಡ್ಡೆ ಸಿಗುವ ಆಳದವರೆಗೆ ಅಗೆದು, ತೆಗೆದದ್ದನ್ನು ಬಿಸಿಲಿಗೆ ಹರಡಿ ಒಣಗಿಸಿ, ಕೆರೆಯಿಂದ ದೂರ ಸಾಗಿಸಬೇಕು. ನೀರಿರುವಾಗ ಏರಿಯ ಮೇಲೆ ನಿಂತ ಯಂತ್ರ ಕೈಗೆಟುಕಿದಷ್ಟನ್ನು ಕಿತ್ತೆಳೆಯುತ್ತದೆ, ಉಳಿದದ್ದು ತುಂಡು ತುಂಡಾಗುತ್ತದೆ. ಪ್ರತಿ ತುಂಡು ಗೆಡ್ಡೆಯೂ ಹೊಸ ಗಿಡ. ತೇಲುವ ಕೊಯ್ಲು ಯಂತ್ರಗಳು ಅಂತರಗಂಗೆಗೆ ಚೆನ್ನಾಗಿ ಒದಗುತ್ತವೆ. ಜೊಂಡಿಗೂ ಬಳಸಬಹುದು, ಆದರೆ ಅಲಗನ್ನು ನೀರಿನಡಿ ಎಷ್ಟು ಆಳಕ್ಕೆ ಇಳಿಸಲಾಗುತ್ತದೆ ಎಂದು ಗುತ್ತಿಗೆದಾರರನ್ನು ಮೊದಲೇ ಕೇಳಿ, ಅದನ್ನು ಕರಾರಿನಲ್ಲಿ ಬರೆಸಿ.

ಕೆರೆಯನ್ನೇ ಬರಿದು ಮಾಡಿ ಹೂಳೆತ್ತಿಸಿದರು. ಆರು ತಿಂಗಳಲ್ಲಿ ಮತ್ತೆ ಜೊಂಡು. ಹೇಗೆ?

ಹೂಳೆತ್ತಿದ ಕೆರೆಯ ಹಸಿ ಕೆಸರು, ಮೇಲೆ ಬೀಳುವ ಬಿಸಿಲು: ಬೀಜ ಮೊಳೆಯಲು ಬೇಕಾದ್ದು ಇದೇ. ಹಳೆಯ ಬೀಜ ಮಣ್ಣಿನಲ್ಲಿ ಉಳಿದಿರುತ್ತದೆ, ಹೊಸದು ಗಾಳಿಯಲ್ಲಿ ಬರುತ್ತದೆ. ಅಡಿಯಷ್ಟು ನೀರು ತಿಂಗಳುಗಟ್ಟಲೆ ನಿಂತರೆ ಇಡೀ ಅಂಗಳ ಸಸಿಮಡಿಯಾಗುತ್ತದೆ.

ಹೂಳೆತ್ತುವಾಗಲೇ ಇದಕ್ಕೆ ಸಿದ್ಧರಾಗಬೇಕು. ಕೆಲಸ ಮಳೆಗೆ ಮುನ್ನ ಮುಗಿದು ಕೆರೆ ಬೇಗ ತುಂಬುವಂತಿರಲಿ. ತುಂಬುವುದು ತಡವಾದರೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಂಗಳಕ್ಕಿಳಿದು ಸಸಿಗಳನ್ನು ಕೈಯಿಂದ ಕೀಳಿರಿ. ಗೆಡ್ಡೆ ಕಟ್ಟುವ ಮೊದಲು ಅವು ಕೊತ್ತಂಬರಿ ಕಿತ್ತಷ್ಟು ಸುಲಭವಾಗಿ ಬರುತ್ತವೆ. ಕೆರೆ ಪುನಶ್ಚೇತನದಲ್ಲಿ ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿಲ್ಲ. ಆದರೂ ಕೋಟಿಗಟ್ಟಲೆ ಅಂದಾಜುಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರುವುದು ಅಪರೂಪ. ವಾರ್ಡಿನ ಸಭೆಯಲ್ಲಿ ಅಂದಾಜುಪಟ್ಟಿ ಚರ್ಚೆಗೆ ಬಂದರೆ ಎದ್ದು ನಿಂತು ಕೇಳಿ.

ಇನ್ನೊಂದು ಸಂಗತಿ ಕೆರೆಯ ಆಕಾರ. ಎಲ್ಲ ಕಡೆ ಒಂದೇ ಆಳದ ತೆಳುನೀರಿದ್ದರೆ ಎಲ್ಲ ಕಡೆ ಜೊಂಡು. ಸುತ್ತಲೂ ಬಾವಿಯಂತೆ ಕಡಿದಾಗಿ ತೋಡಿದರೆ ಜೊಂಡೂ ಇಲ್ಲ, ಕಾಲೂರಿ ಮೇಯುವ ಹಕ್ಕಿಯೂ ಇಲ್ಲ. ನಡುವೆ ಎರಡು ಮೀಟರ್‌ಗೂ ಮಿಕ್ಕಿದ ಆಳ, ಒಂದೆರಡು ಕಡೆ ಮಾತ್ರ ಸವರುವಂಥ ಇಳಿಜಾರು, ಇದು ಒಳ್ಳೆಯ ವಿನ್ಯಾಸ.

ಕಳೆನಾಶಕ ಸಿಂಪಡಿಸಬಹುದೇ?

ಬೇಡ. ಕೆಲವರು ಗ್ಲೈಫೊಸೇಟ್ ಹೆಸರು ಹೇಳುತ್ತಾರೆ. ಭಾರತದಲ್ಲಿ ಅದಕ್ಕೆ ಒಪ್ಪಿಗೆ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿತು. ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಬೆರೆಸಿರುವ ಅಂಟುದ್ರಾವಣಗಳು ಕಪ್ಪೆಮರಿ, ಮೀನುಗಳಿಗೆ ವಿಷವಾಗಬಹುದು. ಜೊತೆಗೆ ಸಾವಿರಾರು ಗಿಡ ಒಮ್ಮೆಲೇ ಸತ್ತು ನೀರಿನಲ್ಲೇ ಕೊಳೆತರೆ ಕೆರೆಯ ಆಮ್ಲಜನಕ ಕುಸಿದು ಮೀನುಗಳ ಮಾರಣಹೋಮವಾಗುತ್ತದೆ. ಕೆರೆಯ ಕೆಳಗಡೆ ಕೊಳವೆಬಾವಿಗಳಿವೆ, ದಡದಲ್ಲಿ ದನ ಮೇಯುತ್ತವೆ, ಮೀನು ಹಿಡಿದು ಮಾರುವ ಕುಟುಂಬಗಳಿವೆ.

ಬೇಸಿಗೆಯಲ್ಲಿ ಒಣಗಿದ ಜೊಂಡಿಗೆ ಬೆಂಕಿ ಹಚ್ಚಿದರೆ?

ಎಂದೂ ಹಚ್ಚಬೇಡಿ. ಗೆಡ್ಡೆ ಕೆಸರಿನಲ್ಲಿ ಸುರಕ್ಷಿತವಾಗಿರುತ್ತದೆ. ಬೂದಿಯ ಗೊಬ್ಬರ ಸಿಕ್ಕು ಇನ್ನೂ ಹುರುಪಿನಿಂದ ಚಿಗುರುತ್ತದೆ. ಸಾಯುವುದು ಆಮೆ, ಹಾವು, ಗೂಡಿನ ಮೊಟ್ಟೆ. ನಗರದ ನಡುವೆ ಕೆರೆ ಹೊತ್ತಿಕೊಂಡರೆ ಏನಾಗುತ್ತದೆ ಎಂಬುದನ್ನು ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ತೋರಿಸಿಕೊಟ್ಟಿದೆ. ಎರಡನೆಯ ಸಲ ಬೆಂಕಿ ಆರಿಸಲು ಸೇನೆಯ ಸಾವಿರಾರು ಯೋಧರು ಇಳಿಯಬೇಕಾಯಿತು.

ಎಮ್ಮೆಗಳನ್ನು ಬಿಟ್ಟು ಮೇಯಿಸಬಹುದೇ? ಹುಲ್ಲುಗೆಂಡೆ ಮೀನು?

ಹುಲ್ಲುಗೆಂಡೆ ಮೆತ್ತಗಿನ ನೀರೊಳಗಿನ ಸಸ್ಯಗಳನ್ನು ತಿನ್ನುತ್ತದೆ, ಬಲಿತ ಜೊಂಡಿನ ತಂಟೆಗೆ ಹೋಗುವುದಿಲ್ಲ. ಅದು 1959ರಲ್ಲಿ ಭಾರತಕ್ಕೆ ತಂದ ಹೊರಗಿನ ಮೀನು, ಕೆರೆಗೆ ಬಿಡುವ ಅಗತ್ಯವಿಲ್ಲ.

ಎಮ್ಮೆಯ ಮಾತು ಬೇರೆ. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಪಕ್ಷಿಧಾಮವನ್ನು ರಾಷ್ಟ್ರೀಯ ಉದ್ಯಾನವನ್ನಾಗಿಸಿ 1982ರಲ್ಲಿ ಮೇಯಿಸುವುದನ್ನು ನಿಷೇಧಿಸಲಾಯಿತು. ಹಳ್ಳಿಗರ ಪ್ರತಿಭಟನೆಯ ಮೇಲೆ ಗೋಲಿಬಾರ್ ಆಗಿ ಜೀವಗಳೇ ಹೋದವು. ಆಮೇಲೆ ಕಂಡದ್ದೇನು? ಎಮ್ಮೆಗಳು ತಿನ್ನುತ್ತಿದ್ದ ಪ್ಯಾಸ್ಪಾಲಮ್ ಹುಲ್ಲು ಕೊಳಗಳನ್ನೇ ಮುಚ್ಚತೊಡಗಿ, ಬಾತುಗಳಿಗೆ ಬೇಕಾದ ತೆರೆದ ನೀರು ಕುಗ್ಗಿತು. ಹಕ್ಕಿಗಳಿಗೆ ಎಮ್ಮೆಗಳಿಂದ ಒಳಿತೇ ಆಗುತ್ತಿತ್ತೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ತೋರಿಸಿತು. ನಮ್ಮ ಕೆರೆಗಳಿಗೆ ಬೇಲಿ ಹಾಕಿ, ಕಾಲುದಾರಿ ಮಾಡಿ, ಅಲ್ಲಿಯವರೆಗೆ ದನ ಮೇಯಿಸುತ್ತಿದ್ದವರನ್ನೂ ಹುಲ್ಲು ಕೊಯ್ಯುತ್ತಿದ್ದವರನ್ನೂ ಹೊರಗಟ್ಟುವಾಗ ಇದನ್ನು ನೆನೆಯಬೇಕು. ನೀರು ತಕ್ಕಮಟ್ಟಿಗೆ ಶುದ್ಧವಿದ್ದ ಕಡೆ, ಕೊಯ್ಲಾದ ಜಾಗದ ಎಳೆ ಚಿಗುರನ್ನು ಮೇಯಿಸಲು ಅವಕಾಶವಿದ್ದರೆ ಕೆಲಸ ಅರ್ಧ ಹಗುರಾಗುತ್ತದೆ. ಹುಲ್ಲು ಕೊಯ್ಯುವವರನ್ನು ಒಳಗೆ ಬಿಡಿ ಎಂದೇ ನನ್ನ ಮನವಿ. ಕಾರ್ಖಾನೆಯ ನೀರು ಸೇರುವ ಕೆರೆಯಲ್ಲಿ ಮಾತ್ರ ಮೇವು ಬೇಡ.

ಅಂತರಗಂಗೆಗೆ ಹುಳು ಬಿಡುತ್ತಾರಂತೆ. ಜೊಂಡಿಗೂ ಅಂಥದ್ದು ಇದೆಯೇ?

ಇಲ್ಲ. ಹೊರಗಿನಿಂದ ಬಂದ ಕಳೆಗೆ ಅದರ ತವರಿನ ಶತ್ರುವನ್ನು ಹುಡುಕಿ ತರುವುದು ಆ ವಿಧಾನದ ತಿರುಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಂತರಗಂಗೆಯನ್ನು ತಿನ್ನುವ ನಿಯೋಚೆಟಿನಾ ಎಂಬ ಮೂತಿಹುಳುಗಳನ್ನು 1982ರಲ್ಲಿ ತರಿಸಿ, ಪರೀಕ್ಷಿಸಿ, ಬೆಂಗಳೂರಿನ ಕೆರೆಗಳಿಗೆ ಬಿಟ್ಟಿತು. ಒಳ್ಳೆಯ ಫಲ ಸಿಕ್ಕಿತು. ಸಾಲ್ವಿನಿಯಾ ಎಂಬ ತೇಲುವ ಜರೀಗಿಡದ ಮೇಲೆ ಇನ್ನೊಂದು ಮೂತಿಹುಳುವನ್ನು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟಾಗ ವರ್ಷದೊಳಗೆ ಕೊಳ ತೆರವಾಯಿತು. ಜೊಂಡು ಇಲ್ಲಿಯದೇ ಗಿಡವಾದ್ದರಿಂದ ಅದಕ್ಕೆ ಹೊರಗಿನ ಶತ್ರುವನ್ನು ತರುವ ಮಾತೇ ಬರುವುದಿಲ್ಲ.

ಕೊಯ್ದ ಜೊಂಡನ್ನು ಏನು ಮಾಡಬೇಕು?

ಏರಿಯ ಮೇಲೆ ರಾಶಿ ಹಾಕಿ ಬಿಡುವುದನ್ನು ಬಿಟ್ಟು ಏನು ಬೇಕಾದರೂ ಮಾಡಿ. ರಾಶಿ ಕೊಳೆತು ಮಳೆಗೆ ಅದರ ಸಾರವೆಲ್ಲ ಕೆರೆಗೆ ಮರಳುತ್ತದೆ. ಸಣ್ಣಗೆ ಕತ್ತರಿಸಿ ಸೆಗಣಿ ಬೆರೆಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ, ಹಣ್ಣಿನ ಗಿಡಗಳ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ತೆನೆಗಳನ್ನು ಮೊದಲೇ ಬೇರ್ಪಡಿಸಿ ಚೀಲ ಕಟ್ಟಿಡಿ. ಸುತ್ತ ಕೈಗಾರಿಕೆಗಳಿರುವ ಕೆರೆಯಾದರೆ ಭಾರಲೋಹಗಳು ಗಿಡದಲ್ಲಿ, ಅದರಲ್ಲೂ ಬೇರಿನಲ್ಲಿ ಸೇರಿರುತ್ತವೆ. ಅಂಥ ಗೊಬ್ಬರವನ್ನು ತರಕಾರಿ, ಸೊಪ್ಪಿನ ಮಡಿಗಳಿಗೆ ಹಾಕಬಾರದು.

ಸೊಳ್ಳೆ, ಹಾವುಗಳ ಕಾಟಕ್ಕೆ ಜೊಂಡೇ ಕಾರಣವೇ?

ಸೊಳ್ಳೆಗೆ ಮುಖ್ಯ ಕಾರಣ ಕೊಳಚೆ ನೀರು. ಕ್ಯೂಲೆಕ್ಸ್ ಸೊಳ್ಳೆ ಕೊಳೆತ ನೀರನ್ನೇ ಬಯಸುತ್ತದೆ. ಜೊಂಡು ದಟ್ಟವಾದಾಗ ಗಾಳಿಯ ಅಲೆ ನಿಂತು, ಮೀನುಗಳು ಒಳನುಗ್ಗಲಾಗದೆ ಸೊಳ್ಳೆಯ ಮರಿಗಳಿಗೆ ರಕ್ಷಣೆ ಸಿಗುತ್ತದೆ, ಅದೂ ನಿಜ. ಜೊಂಡಿನ ನಡುವೆ ಅಲ್ಲಲ್ಲಿ ಓಣಿ ಬಿಡಿಸಿದರೆ ಮೀನು ಒಳಹೋಗುತ್ತದೆ. ಹಾವುಗಳಲ್ಲಿ ನೀರಿನಲ್ಲಿ ಕಾಣುವುದು ಹೆಚ್ಚಾಗಿ ವಿಷವಿಲ್ಲದ ನೀರುಹಾವು. ಎಚ್ಚರವಿರಬೇಕಾದ್ದು ಏರಿಯ ಮೇಲಿನ ಒಣ ಹುಲ್ಲಿನಲ್ಲಿ ಮಲಗುವ ಕೊಳಕುಮಂಡಲದ ಬಗ್ಗೆ.

ಅನುಮತಿ ಬೇಕೇ? ಯಾರನ್ನು ಕೇಳಬೇಕು?

ಬೇಕು. ಕೆರೆ ಸರ್ಕಾರದ ಸ್ವತ್ತು. ಊರಿಗೆ ತಕ್ಕಂತೆ ಅದರ ಹೊಣೆ ನಗರಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರ, ಅರಣ್ಯ ಇಲಾಖೆ, ಸಣ್ಣ ನೀರಾವರಿ ಇಲಾಖೆ ಅಥವಾ ಗ್ರಾಮ ಪಂಚಾಯಿತಿಯದಾಗಿರಬಹುದು. ಕೊಯ್ಲಿಗೆ ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಜೊತೆಗೇ ಎರಡನೆಯ ಅರ್ಜಿಯನ್ನೂ ಬರೆಯಿರಿ: ಒಳಹರಿವಿನ ಕಾಲುವೆಗೆ ಎಲ್ಲೆಲ್ಲಿ ಒಳಚರಂಡಿ ಕೊಳವೆ ತೆರೆದುಕೊಂಡಿದೆ ಎಂದು ಕಾಲುವೆಯುದ್ದಕ್ಕೂ ನಡೆದು ಫೋಟೊ ತೆಗೆದು, ಗುರುತು ಹಾಕಿದ ನಕ್ಷೆಯೊಂದಿಗೆ ಜಲಮಂಡಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಿ. ಬರುವ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಸ್ವಯಂಸೇವಕರ ಪಡೆಯಲ್ಲಿ ನೀರಿಗಿಳಿಯಲಾಗದ ಹಿರಿಯರಿದ್ದರೆ ಈ ಕೆಲಸ ಅವರದಾಗಲಿ. ಜೊಂಡಿನ ಮೇಲೆ ಕುಡುಗೋಲಿಗಿಂತ ಹೆಚ್ಚು ಪರಿಣಾಮ ಬೀರುವ ಕೆಲಸ ಇದು.

ನಮ್ಮದು ಕೆರೆಯಲ್ಲ, ಅಪಾರ್ಟ್‌ಮೆಂಟ್ ಆವರಣದ ಸಣ್ಣ ಕೊಳ. ದೇವಸ್ಥಾನದ ಕಲ್ಯಾಣಿಗೂ ಇದೇ ವಿಧಾನವೇ?

ಸಣ್ಣ ಕೊಳಕ್ಕೆ ಸುಲಭದ ದಾರಿ ಇದೆ. ನೀರು ಇಳಿಸಿ, ಬುಡಕ್ಕೆ ಕೊಯ್ದು, ಗೆಡ್ಡೆಗಳನ್ನು ಗುದ್ದಲಿಯಿಂದ ತೆಗೆಯಿರಿ. ತೆಗೆಯಲಾಗದ ಕಡೆ ದಪ್ಪ ಕಪ್ಪು ಟಾರ್ಪಾಲು ಹೊದಿಸಿ ಬೇಸಿಗೆಯಿಡೀ ಬಿಟ್ಟರೆ ಬೆಳಕಿಲ್ಲದೆ, ಕಾವಿಗೆ ಗೆಡ್ಡೆ ಸಾಯುತ್ತದೆ. ಅಲಂಕಾರಕ್ಕಾಗಿ ಜೊಂಡು ಬೇಕೆನಿಸಿದರೆ ತಳ ಗಟ್ಟಿಯಿರುವ ಕುಂಡದಲ್ಲಿ ನೆಟ್ಟು ಕುಂಡವನ್ನೇ ನೀರಿಗಿಳಿಸಿ. ಕಲ್ಯಾಣಿಯಲ್ಲಿ ಕಲ್ಲುಗಳ ಸಂದಿಗೆ ಬೇರಿಳಿದಿದ್ದರೆ ಎಳೆದು ಕೀಳಬೇಡಿ, ಕಟ್ಟಡ ಸಡಿಲವಾಗುತ್ತದೆ. ಅಲ್ಲಿ ಚಿಗುರಿದಾಗೆಲ್ಲ ಕೊಯ್ದು ಸೊರಗಿಸುವುದೇ ಸರಿ.

ನಾವು ಅಮೆರಿಕದಲ್ಲಿದ್ದೇವೆ. ನಮ್ಮ ಬಡಾವಣೆಯ ಕೊಳದಲ್ಲೂ ಇಂಥದ್ದೇ ಬೆಳೆದಿದೆ. ಇದೇ ಸಲಹೆ ಅನ್ವಯಿಸುತ್ತದೆಯೇ?

ಮಿಷಿಗನ್, ನ್ಯೂಜೆರ್ಸಿ, ಒಂಟಾರಿಯೊ ಕಡೆಯಲ್ಲಿ ಗರಿಯಂಥ ತಲೆಯಿರುವ ಎತ್ತರದ ಹುಲ್ಲು ಎಂದರೆ ಬಹುತೇಕ ಯೂರೋಪಿನಿಂದ ಬಂದ ಫ್ರಾಗ್ಮೈಟಿಸ್. ಅಲ್ಲಿ ಅದು ನಿಜಕ್ಕೂ ಪರದೇಶಿ ಕಳೆ. 2005ರಲ್ಲಿ ಕೆನಡಾದ ಕೃಷಿ ಇಲಾಖೆಯ ಸಂಶೋಧಕರು ಅದನ್ನು ದೇಶದ ಅತಿ ಕೆಟ್ಟ ಆಕ್ರಮಣಕಾರಿ ಸಸ್ಯವೆಂದು ಗುರುತಿಸಿದರು. ಅದರ ಸೋದರಿಯಂಥ ಸ್ಥಳೀಯ ಉಪಜಾತಿಯೂ ಅಲ್ಲಿದೆ. ಅದು ವಿರಳವಾಗಿ ಬೆಳೆಯುತ್ತದೆ, ಕಾಂಡದ ಬುಡ ಕೆಂಪಗೆ ನುಣುಪಾಗಿರುತ್ತದೆ. ಅದನ್ನು ಉಳಿಸಬೇಕು, ಆದ್ದರಿಂದ ಮೊದಲು ತಿಳಿದವರಿಂದ ಗುರುತಿಸಿಕೊಳ್ಳಿ. ನೀರಿನಡಿ ಕೊಯ್ದು ಮುಳುಗಿಸುವ ವಿಧಾನ ಅಲ್ಲಿಯೂ ನಡೆಯುತ್ತದೆ. ಪರವಾನಗಿ ಪಡೆದವರಿಂದ ಬೇಸಿಗೆಯ ಕೊನೆಯಲ್ಲಿ ಕಳೆನಾಶಕ ಹಾಕಿಸುವುದೂ ಅಲ್ಲಿ ರೂಢಿ, ಅದಕ್ಕೆ ಆಯಾ ರಾಜ್ಯದ ಕಾನೂನನ್ನು ವಿಚಾರಿಸಬೇಕು.

ಜೊಂಡು ತೆಗೆದ ಜಾಗದಲ್ಲಿ ಹೊನಗೊನ್ನೆ ಸೊಪ್ಪು ಹುಲುಸಾಗಿ ಬಂದಿದೆ. ಕಿತ್ತು ತಿನ್ನಬಹುದೇ?

ಅದು ಹೊನಗೊನ್ನೆಯೇ ಎಂದು ಮೊದಲು ನೋಡಿ. ಜೊಂಡು ಹೋಗಿ ಬೆಳಕು ಬಿದ್ದ ನೀರಿಗೆ ಮೊದಲು ನುಗ್ಗುವುದು ಅದರ ಹತ್ತಿರದ ನೆಂಟ ಅಲಿಗೇಟರ್ ಕಳೆ. ಎಲೆ ನೋಡಿದರೆ ಎರಡೂ ಒಂದೇ ಅನಿಸುತ್ತವೆ. ಹೊನಗೊನ್ನೆಯ ಬಿಳಿ ಹೂಗಳು ಎಲೆಯ ಕಂಕುಳಲ್ಲೇ ತೊಟ್ಟಿಲ್ಲದೆ ಅಂಟಿಕೊಂಡಿರುತ್ತವೆ. ಅಲಿಗೇಟರ್ ಕಳೆಯ ಹೂಚೆಂಡು ಉದ್ದ ತೊಟ್ಟಿನ ತುದಿಯಲ್ಲಿರುತ್ತದೆ, ನೀರಿನಲ್ಲಿ ತೇಲುವ ಅದರ ಕಾಂಡವನ್ನು ಮುರಿದರೆ ಒಳಗೆ ಟೊಳ್ಳು. ಅದು ತುಂಡುಗಳಿಂದಲೇ ಹಬ್ಬುವುದರಿಂದ ಕಂಡ ಕೂಡಲೇ, ಇನ್ನೂ ಬುಟ್ಟಿಯಷ್ಟಿರುವಾಗಲೇ, ಬೇರುಸಮೇತ ತೆಗೆದು ಚೂರೂ ನೀರಿಗೆ ಬೀಳದಂತೆ ದಡಕ್ಕೆ ತನ್ನಿ. ಇನ್ನು ತಿನ್ನುವ ವಿಷಯ: ನಿಜವಾದ ಹೊನಗೊನ್ನೆಯೇ ಆಗಿದ್ದರೂ ಕೊಳಚೆ ಸೇರುವ ಕೆರೆಯದ್ದನ್ನು ಅಡುಗೆಗೆ ತರಬೇಡಿ.